‘ಅಂತೆ’ ಬರುವ ತನಕ

ನಮ್ಮ ಮನೆಯಲ್ಲಿ ಟಿವಿ ವಾರ್ತೆ ನೋಡುವುದಕ್ಕೆ ನನ್ನ ಹೆಂಡತಿ ಒಂದು ಷರತ್ತು ಹಾಕಿದ್ದಾಳೆ. ನಾನು ಬಾಯಿ ಮುಚ್ಚಿಕೊಂಡು ನೋಡಬೇಕು. ಷರತ್ತು ನ್ಯಾಯವಾದದ್ದೇ. ವಾರ್ತೆ ಓದುವ ಹುಡುಗಿ ಒಂದು ವಾಕ್ಯ ಮುಗಿಸಿ ಉಸಿರೆಳೆದುಕೊಳ್ಳುವ ಸಂದಿಯಲ್ಲಿ ನಾನು ಕೂತಲ್ಲಿಂದಲೇ ‘ಅಂತೆ’ ಎಂದು ಸೇರಿಸುತ್ತೇನೆ, ಅದು ನನ್ನ ಚಟ. “ಸಂಪುಟದಲ್ಲಿ ಭಾರಿ ಬದಲಾವಣೆ ಖಚಿತ” ಎಂದು ಅವಳು ಹೇಳಿದರೆ ನಾನು “ಅಂತೆ” ಎನ್ನುತ್ತೇನೆ. ಬೇಸಿಗೆಯೊಳಗೆ ರಸ್ತೆ ಸಿದ್ಧ, ಅಂತೆ. ಇಬ್ಬರು ತಾರೆಯರು ಮಾತು ಬಿಟ್ಟಿದ್ದಾರೆ, ಅಂತೆ. ಒಮ್ಮೆ ಹವಾಮಾನದವರು ನಾಳೆ ಮಳೆ ಎಂದಾಗಲೂ ಅಂದೆ. ಅದಕ್ಕೆ ಮಾತ್ರ ಹೆಂಡತಿ ನಕ್ಕಳು, ಏಕೆಂದರೆ ಮಾರನೆಯ ದಿನ ಅವಳು ಒಣಗಲು ಹಾಕಿದ ಹಪ್ಪಳ ಅಂಗಳದಲ್ಲೇ ಗರಿಗರಿಯಾಯಿತು.

“ಅವರೇ ಅಂತೆ ಅಂದಿಲ್ಲ, ನೀವ್ಯಾಕೆ ಅಂತೀರಿ?” ಎಂದು ಅವಳ ವಾದ. ಅನ್ನಬೇಕಿತ್ತು, ಮರೆತಿದ್ದಾರೆ ಎಂದು ನನ್ನ ವಾದ.

ನೀವೂ ಗಮನಿಸಿರುತ್ತೀರಿ. ಈ ಪುಟ್ಟ ಪದ ನಮ್ಮ ವಾರ್ತೆಗಳಿಂದ ಮೆಲ್ಲಗೆ ಕಾಣೆಯಾಗುತ್ತಿದೆ. ಪತ್ರಿಕೆಯವರು ಇನ್ನೂ ಒಂದಿಷ್ಟು ಮರ್ಯಾದೆ ಉಳಿಸಿಕೊಂಡು ‘ಎನ್ನಲಾಗಿದೆ’ ಎಂದು ಬರೆಯುತ್ತಾರೆ. ಅದು ನಮ್ಮ ಹಳ್ಳಿಯ ‘ಅಂತೆ’ಯೇ, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಬಂದಿದೆ ಅಷ್ಟೆ. ‘ಬಲ್ಲ ಮೂಲಗಳ ಪ್ರಕಾರ’ ಎಂಬುದು ಅದರ ಶ್ರೀಮಂತ ದಾಯಾದಿ. ಟಿವಿಯವರಿಗೆ ಇಷ್ಟು ಪುರುಸೊತ್ತೂ ಇಲ್ಲ. ಅವರು ಕೆಂಪು ಪಟ್ಟಿಯ ಮೇಲೆ ದಪ್ಪ ಅಕ್ಷರದಲ್ಲಿ ಏನಾದರೊಂದು ಬರೆದು ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ‘ಕುರ್ಚಿ ಬಿಡ್ತಾರಾ ಸಾಹೇಬ್ರು?’ ಪ್ರಶ್ನೆ ಕೇಳಬೇಕಾದವನು ನಾನು, ಹೇಳಬೇಕಾದವರು ಅವರು. ಅವರೇ ನನ್ನನ್ನು ಕೇಳಿದರೆ ನಾನು ಯಾರನ್ನು ಕೇಳಲಿ?

ನನ್ನದು ಅನುಮಾನದ ಜಾಯಮಾನ. ಹಾಲಿನವನನ್ನು ಅನುಮಾನಿಸುತ್ತೇನೆ, ಹಾಲನ್ನೂ ಅನುಮಾನಿಸುತ್ತೇನೆ. ಇತ್ತೀಚೆಗೆ ಫೋನಿಗೆ ಬರುವ ಚಿರತೆಗಳನ್ನು ಅನುಮಾನಿಸುತ್ತಿದ್ದೇನೆ. ನಮ್ಮ ಕಡೆ ಬಂಡೆ, ಕುರುಚಲು ಕಾಡು ಇರುವುದರಿಂದ ಚಿರತೆ ನಿಜಕ್ಕೂ ಉಂಟು, ಇಲ್ಲವೆನ್ನುವುದಿಲ್ಲ. ಆದರೆ ಕಳೆದ ತಿಂಗಳು ಒಂದೇ ಚಿರತೆ, ಒಂದೇ ಕಾಂಪೌಂಡಿನ ಮೇಲೆ ಅದೇ ಬಾಲ ಇಳಿಬಿಟ್ಟುಕೊಂಡು, ಬೆಳಿಗ್ಗೆ ಕನಕಪುರದಲ್ಲಿ, ಮಧ್ಯಾಹ್ನ ಚನ್ನಪಟ್ಟಣದಲ್ಲಿ, ಸಂಜೆ ಮಾಗಡಿಯಲ್ಲಿ ಪ್ರತ್ಯಕ್ಷವಾಯಿತು. ಮಾಗಡಿಗೆ ರೈಲಿಲ್ಲ, ಪಾಪ, ಬಸ್ಸಿನಲ್ಲೇ ಹೋಗಿರಬೇಕು. ಸಂಜೆಯ ಆ ರಶ್ಶಿನಲ್ಲಿ ಅದಕ್ಕೆ ಸೀಟು ಸಿಕ್ಕಿತೋ ಇಲ್ಲವೋ ಎಂದು ನಾನು ಫೋನಿನ ಗುಂಪಿನಲ್ಲಿ ಕೇಳಿದ್ದಕ್ಕೆ ನನ್ನನ್ನು ಗುಂಪಿನಿಂದಲೇ ತೆಗೆದುಹಾಕಿದರು.

ಬಸ್ಸಿನ ವಿಷಯ ನನಗೆ ಗೊತ್ತು. ಈ ಜಿಲ್ಲೆಯ ಬಸ್ ನಿಲ್ದಾಣಗಳಲ್ಲಿ ಮೈಕು ಹಿಡಿದು ಬಸ್ಸು ಕೂಗುವುದೇ ನನ್ನ ಕೆಲಸವಾಗಿತ್ತು. ‘ಪ್ರಯಾಣಿಕರ ಗಮನಕ್ಕೆ, ಮಾಗಡಿ ಕಡೆ ಹೋಗುವ ವಾಹನ ಇನ್ನು ಕೆಲವೇ ನಿಮಿಷಗಳಲ್ಲಿ ಬರಲಿದೆ’ ಎಂದು ಗಂಟಲು ಸರಿಮಾಡಿಕೊಂಡು ಹೇಳುತ್ತಿದ್ದೆ. ಬಸ್ಸು ಎಲ್ಲಿದೆಯೆಂದು ನನಗೂ ಗೊತ್ತಿರುತ್ತಿರಲಿಲ್ಲ. ‘ಬರಲಿದೆಯಂತೆ’ ಎಂದು ಹೇಳಲು ನಾಲಗೆ ತುದಿಗೆ ಬರುತ್ತಿತ್ತು. ಆದರೆ ಮೈಕಿನಲ್ಲಿ ಅಂತೆ ಎಂದರೆ ಜನ ಮೈಕಿನವನನ್ನೇ ಎಳೆದು ಕೇಳುತ್ತಾರೆ. ಆದ್ದರಿಂದ ಮೈಕಿಗೂ ಅಂತೆಗೂ ಎಣ್ಣೆ ಸೀಗೇಕಾಯಿ ಎಂಬುದನ್ನು ನಾನು ಟಿವಿಯವರಿಗಿಂತ ಮೊದಲೇ ಬಲ್ಲೆ.

ಈ ಅಂತೆ ನನಗೆ ಅಂಟಿದ್ದು ನಮ್ಮ ದೊಡ್ಡವ್ವನಿಂದ. ದೊಡ್ಡವ್ವ ಎಂದರೆ ನನ್ನ ಅಪ್ಪನ ಅಣ್ಣನ ಹೆಂಡತಿ. ಹೆಸರು ಪುಟ್ಟತಾಯಮ್ಮ. ಕಬ್ಬಾಳಿನ ಬೆಟ್ಟ ಎದುರಿಗೇ ಕಾಣುವ ಒಂದು ಊರಿನಲ್ಲಿ ಮಗ ಸೊಸೆಯ ಜೊತೆ ಇದ್ದಾರೆ. ಆ ಮನೆಯ ಜಗಲಿಯ ಮೇಲೆಯೇ ನಾನೂ ಬೆಳೆದದ್ದು. ದೊಡ್ಡವ್ವ ಯಾವ ಸಂಗತಿಯನ್ನೂ ತಮ್ಮ ತಲೆಯ ಮೇಲೆ ಹೊತ್ತುಕೊಳ್ಳುವವರಲ್ಲ. ಬೇರೆಯವರ ವಿಷಯ ಹಾಗಿರಲಿ, ತಮ್ಮದೇ ವಿಷಯಕ್ಕೂ ಅಂತೆ ಹಾಕುತ್ತಾರೆ. “ನಂಗೆ ಸಕ್ಕರೆ ಕಾಯ್ಲೆ ಐತಂತೆ” ಎನ್ನುತ್ತಾರೆ, ಆ ಕಾಯಿಲೆ ಪಕ್ಕದ ಊರಿನ ಯಾರಿಗೋ ಬಂದಿರುವ ಹಾಗೆ.

ಇದರಲ್ಲಿ ವಿಶೇಷವೇನೂ ಇಲ್ಲ, ಎಲ್ಲ ಅಜ್ಜಿಯರೂ ಹಾಗೆಯೇ ಎನ್ನಬೇಡಿ. ನಮ್ಮ ದೊಡ್ಡವ್ವನ ಅಂತೆ ತಡವಾಗಿ ಬರುತ್ತದೆ. ಅವರ ಬಾಯಲ್ಲಿ ಸದಾ ಎಲೆಯಡಿಕೆ. ಮಾತಾಡುವಾಗ ಅದು ಎಡದವಡೆಯಲ್ಲಿ ಇರುತ್ತದೆ. ಸುದ್ದಿಯನ್ನು ಪೂರ್ತಿ ಹೇಳಿ, ನಿಲ್ಲಿಸಿ, ಎಲೆಯಡಿಕೆಯನ್ನು ನಾಲಗೆಯಿಂದ ಬಲದವಡೆಗೆ ತಳ್ಳಿ, ಅದು ಅಲ್ಲಿ ಸರಿಯಾಗಿ ಕೂತಿತೆಂದು ಖಾತ್ರಿಯಾದ ಮೇಲೆ “ಅಂತೆ” ಎನ್ನುತ್ತಾರೆ. ಈ ನಡುವಿನ ಹೊತ್ತಿನಲ್ಲಿ ಆ ಸುದ್ದಿ ನಿಜವಾಗಿಯೇ ನಿಂತಿರುತ್ತದೆ. ಊರಿನವರಿಗೆಲ್ಲ ಇದು ಗೊತ್ತು. ದೊಡ್ಡವ್ವ ಏನಾದರೂ ಹೇಳಿದರೆ ಕೇಳುವವರು ಗದ್ದಕ್ಕೆ ಕೈ ಹಚ್ಚಿಕೊಂಡು, ಅಂತೆ ಬಂದ ಮೇಲೆ “ಓಹೋ” ಎನ್ನುತ್ತಾರೆ. ಮೊದಲೇ “ಓಹೋ” ಅಂದವರು ಬೇರೆ ಊರಿನವರು ಎಂದು ತಿಳಿಯಬೇಕು.

ನಾನು ಇದನ್ನು ಪೆಟ್ಟು ತಿಂದು ಕಲಿತವನು. ಪ್ರೈಮರಿ ಸ್ಕೂಲಿನ ದಿನಗಳು. ಬೆಳಿಗ್ಗೆ ಚೀಲ ನೇತುಹಾಕಿಕೊಂಡು ಹೊರಟಿದ್ದೆ. ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ ದೊಡ್ಡವ್ವ “ಇವತ್ತು ಸ್ಕೂಲಿಗೆ ರಜ” ಎಂದರು. ಅಷ್ಟು ಸಾಕಾಯಿತು. ಚೀಲವನ್ನು ರಾಗಿ ತುಂಬಿಡುವ ಹಗೇವಿನ ಕಲ್ಲಿನ ಹಿಂದೆ ಎಸೆದು ಹುಣಸೆ ತೋಪಿಗೆ ಓಡಿದೆ. ನನ್ನ ಬೆನ್ನ ಹಿಂದೆ ಎಲೆಯಡಿಕೆ ದವಡೆ ಬದಲಾಯಿಸಿ ಅಂತೆ ಬಂದದ್ದು ನನಗೆ ಕೇಳಿಸಲಿಲ್ಲ. ರಜ ಇರಲಿಲ್ಲ. ಮಾರನೆಯ ದಿನ ಮೇಷ್ಟ್ರು ಹುಣಸೆ ಬರಲಿನಿಂದಲೇ ಲೆಕ್ಕ ಚುಕ್ತಾ ಮಾಡಿದರು. ಕಣ್ಣೀರು ಸುರಿಸಿಕೊಂಡು ಬಂದವನಿಗೆ ದೊಡ್ಡವ್ವ ಅಂಗೈಗೆ ಹರಳೆಣ್ಣೆ ಸವರುತ್ತಾ, “ಕೇಳ್ದೋನು ಒಸಿ ನಿಂತ್ಕಬೇಕು ಕಣ್ಲಾ. ಮಾತು ಮುಗಿಯಗಂಟ ಓಡಬಾರ್ದು” ಎಂದರು. ಅಂದು ಆ ಬುದ್ಧಿಮಾತಿಗೆ ಮಾತ್ರ ಅಂತೆ ಹಾಕಲಿಲ್ಲ.

ಮನೆಗೆ ರೇಡಿಯೋ ಬಂದಾಗ ದೊಡ್ಡವ್ವನ ಕೆಲಸ ಹೆಚ್ಚಾಯಿತು. ಪ್ರದೇಶ ಸಮಾಚಾರ ಓದುವವರು ಒಂದೊಂದು ಸುದ್ದಿ ಮುಗಿಸಿದಾಗಲೂ ಇವರು ಒಳಗಿನಿಂದ ಅಂತೆ ಸೇರಿಸುತ್ತಿದ್ದರು, ಪಾಪ ಆ ಮನುಷ್ಯನಿಗೆ ಸಹಾಯ ಮಾಡುವವರ ಹಾಗೆ. ದೊಡ್ಡಪ್ಪನಿಗೆ ರೇಗಿ ಹೋಗುತ್ತಿತ್ತು. ಸರ್ಕಾರದೋರು ಹೇಳೋದು ಸುಳ್ಳಾ ಎಂದು ಗದರಿಸುತ್ತಿದ್ದರು. ಸುಳ್ಳು ಅಂತ ನಾನೆಲ್ಲಿ ಅಂದೆ, ನಾವು ನೋಡಿಲ್ಲ ಅಂದೆ ಅಷ್ಟೆ ಎಂದು ಇವರ ಉತ್ತರ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ದೊಡ್ಡವರು ಹೇಳಿದ್ದನ್ನು ನಾವೆಲ್ಲ ಬರೀ ಗಾದೆ ಅಂದುಕೊಂಡಿದ್ದೇವೆ. ಈಕೆ ಅದನ್ನೇ ನಂಬಿಕೊಂಡು ಸಂಸಾರ ಮಾಡಿದವರು.

ನಮ್ಮ ಸೀಮೆಯ ಬಂಡೆಗಳ ಮೇಲೆ ಸಿನಿಮಾ ಶೂಟಿಂಗುಗಳು ನಡೆಯುತ್ತಿದ್ದ ಕಾಲದಲ್ಲಿ, ತಮ್ಮ ಮನೆಯಲ್ಲಿ ನಾಯಕನಟ ನೀರು ಕುಡಿದು ಹೋದ ಎಂದು ಹೇಳದ ಮನೆಯೇ ಇರಲಿಲ್ಲ. ಅಷ್ಟು ಮನೆಗಳಲ್ಲಿ ಅಷ್ಟು ನೀರು ಕುಡಿದಿದ್ದರೆ ಆ ಮಹಾನುಭಾವ ಕುದುರೆ ಹತ್ತುವುದು ಹಾಗಿರಲಿ, ಎದ್ದು ನಿಲ್ಲಲೂ ಆಗುತ್ತಿರಲಿಲ್ಲ. ನಿಜವಾಗಿ ಒಬ್ಬ ನಟ ನೀರು ಕೇಳಿ ಕುಡಿದದ್ದು ನಮ್ಮ ದೊಡ್ಡವ್ವನ ಮನೆಯಲ್ಲಿ. ಆತ ಕುಡಿದ ಚೊಂಬು ಇನ್ನೂ ಇದೆ. ಆದರೆ ಯಾರಾದರೂ ಕೇಳಿದರೆ ದೊಡ್ಡವ್ವ, “ಅವ್ನು ಯಾರೋ ಸಿನಿಮಾದೋನು” ಎಂದು ನಿಲ್ಲಿಸಿ, ಎಲೆ ಸರಿಸಿ, “ಅಂತೆ” ಎಂದುಬಿಡುತ್ತಾರೆ. ಬಂದ ಕೀರ್ತಿಯೆಲ್ಲ ಅಲ್ಲಿಗೆ ಮಣ್ಣುಪಾಲು.

ಜಿಲ್ಲೆಯ ಹೆಸರು ಬದಲಾದಾಗ ನಾನೇ ಹೋಗಿ ಸುದ್ದಿ ಮುಟ್ಟಿಸಿದೆ. ನಾನು ಹುಟ್ಟಿದಾಗ ನಮ್ಮದು ಬೆಂಗಳೂರು ಜಿಲ್ಲೆ. ಆಮೇಲೆ ಬೆಂಗಳೂರು ಗ್ರಾಮಾಂತರ. ಆಮೇಲೆ ರಾಮನಗರ. ಈಗ ಬೆಂಗಳೂರು ದಕ್ಷಿಣ. ದೊಡ್ಡವ್ವನ ಜಗಲಿ ಮಾತ್ರ ಇದ್ದಲ್ಲೇ ಇದೆ. ಹೆಸರಿನಿಂದ ಜಮೀನಿಗೆ ಬೆಲೆ ಬರುತ್ತದೆಂದು ಕೆಲವರಿಗೆ ಸಂಭ್ರಮ, ಊರಿನ ಹೆಸರು ಹೋಯಿತೆಂದು ಕೆಲವರಿಗೆ ಸಂಕಟ, ಇದರ ಹಿಂದೆ ಏನೋ ಇದೆ ಎಂದು ನನ್ನಂಥವರಿಗೆ ಅನುಮಾನ. ದೊಡ್ಡವ್ವ ಬೆಟ್ಟದ ಕಡೆ ನೋಡಿಕೊಂಡು ಯೋಚಿಸಿ, “ಹಂಗಾರೆ ನಾವೀಗ ಬೆಂಗ್ಳೂರೋರು” ಎಂದರು. ನಾನು ಕಾದೆ. ಬಂತು. ಈ ವಿಷಯದಲ್ಲಿ ನಾನು ಓದಿದ ಸಂಪಾದಕೀಯಗಳಲ್ಲಿ ಯಾವುದೂ ಇದಕ್ಕಿಂತ ಚೆನ್ನಾಗಿರಲಿಲ್ಲ.

ಇನ್ನು ಮಾದೇಶನ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿ ಬಳಸಿದ್ದು ಅಲ್ಲಿಗೆ ಬರಲು ನನಗೆ ಮನಸ್ಸಿಲ್ಲದ್ದರಿಂದ.

ಮಾದೇಶ ನನ್ನ ಚಿಕ್ಕಪ್ಪನ ಮಗ. ದೊಡ್ಡವ್ವನ ಮನೆಗೂ ಅವನ ಮನೆಗೂ ಒಂದೇ ಗೋಡೆ, ಒಂದೇ ಜಗಲಿ. ಚಿಕ್ಕಮ್ಮ ಹೊಲಕ್ಕೆ ಹೋದರೆ ಅವನ ಊಟ, ನಿದ್ದೆ, ಮುನಿಸು ಎಲ್ಲ ದೊಡ್ಡವ್ವನ ಮಡಿಲಲ್ಲಿ. ದೊಡ್ಡವನಾಗಿ ಮೊದಲು ಸ್ಕೂಟರು ಕೊಂಡ, ಆಮೇಲೆ ಪಂಚಾಯಿತಿ ಮೆಂಬರಾದ. ಎರಡೂ ಆದ ಮೇಲೂ ಒಂದು ಪದ್ಧತಿ ಬಿಡಲಿಲ್ಲ. ಮಂಗಳವಾರ ಬೆಳಿಗ್ಗೆ ದೊಡ್ಡವ್ವನನ್ನು ಹಿಂದೆ ಕೂರಿಸಿಕೊಂಡು ಕಬ್ಬಾಳಮ್ಮನ ಗುಡಿಗೆ ಕರೆದುಕೊಂಡು ಹೋಗಿ ಬರುವುದು. ಮಗನಿದ್ದಾನೆ, ಸೊಸೆಯಿದ್ದಾಳೆ, ಆದರೆ ಮಂಗಳವಾರ ಮಾತ್ರ ಮಾದೇಶನದು. ವಾರವಿಡೀ ದೊಡ್ಡವ್ವ ಎದುರು ನೋಡುತ್ತಿದ್ದದ್ದು ಅದೊಂದನ್ನೇ ಎಂದು ನನಗೆ ಆಗ ಗೊತ್ತಿರಲಿಲ್ಲ.

ಹೋದ ಬೇಸಿಗೆಯಲ್ಲಿ ಊರಿನ ಕೆರೆಯ ಹೂಳು ತೆಗೆಸಿದರು. ಟ್ರ್ಯಾಕ್ಟರುಗಳು ಓಡಾಡಿದವು. ಆ ಮಣ್ಣು ರೈತರ ಹೊಲಗಳಿಗೆ ಹೋಯಿತು ಎಂದು ಮಾದೇಶ ಹೇಳುತ್ತಾನೆ. ಹೊಲಕ್ಕೆ ಹೋದದ್ದು ಅರ್ಧ, ಮಿಕ್ಕದ್ದನ್ನು ಅವನು ಹೊಸ ಲೇಔಟಿಗೆ ಮಾರಿಕೊಂಡ ಎಂದು ಊರು ಹೇಳುತ್ತದೆ. ನಾನು ಎರಡನ್ನೂ ನೋಡಿಲ್ಲ. ಚುನಾವಣೆ ಹತ್ತಿರ ಬರುತ್ತಿದೆ ಎಂಬ ಗಾಳಿ ಬೀಸಿದ ಕೂಡಲೇ ಯಾವುದೋ ಯೂಟ್ಯೂಬ್ ಚಾನೆಲ್ಲಿನ ಇಬ್ಬರು ಮೈಕು ಹಿಡಿದುಕೊಂಡು ಜನರ ಅಭಿಪ್ರಾಯ ಕೇಳಲು ಊರಿಗೆ ಬಂದರು. ಯಾರು ಕಳಿಸಿದರೋ! ಅಷ್ಟು ಊರುಗಳನ್ನು ಬಿಟ್ಟು ಈ ಊರಿಗೆ, ಅಷ್ಟು ಜಗಲಿಗಳನ್ನು ಬಿಟ್ಟು ಈ ಜಗಲಿಗೆ ಅವರು ತಾವಾಗಿಯೇ ಬಂದರೆಂದರೆ ನಾನಂತೂ ನಂಬುವುದಿಲ್ಲ.

ವೀಡಿಯೊ ನನ್ನ ಫೋನಿಗೆ ಬಂದಾಗ ನಾನು ಕಾಫಿ ಕುಡಿಯುತ್ತಿದ್ದೆ. ‘ಕೆರೆ ನುಂಗಿದ ಮೆಂಬರ್! ಅಜ್ಜಿ ಬಿಚ್ಚಿಟ್ಟ ಸ್ಫೋಟಕ ಸತ್ಯ’ ಎಂದು ಮೇಲೆ ಬರೆದಿತ್ತು. ಕೆಳಗೆ ನಮ್ಮ ದೊಡ್ಡವ್ವ. ಹಿಂದೆ ಎಮ್ಮೆ. “ಮಾದೇಶ ಕೆರೆ ಮಣ್ಣ ಮಾರ್ಕೊಂಡವ್ನೆ” ಎಂದರು ದೊಡ್ಡವ್ವ. ಅಷ್ಟೆ. ಢಮ್ ಎಂದು ಸದ್ದಾಯಿತು, ದೊಡ್ಡವ್ವನ ಮುಖದ ಸುತ್ತ ಬೆಂಕಿ ಹತ್ತಿತು, ಅದೇ ವಾಕ್ಯ ಮೂರು ಸಲ ಮರುಕಳಿಸಿತು.

ಕಾಫಿ ಆರಿತು. ನಾನು ಮತ್ತೆ ಮತ್ತೆ ಹಾಕಿ ನೋಡಿದೆ, ಕನ್ನಡಕ ಬದಲಾಯಿಸಿ ನೋಡಿದೆ. ಎಡದವಡೆ ಉಬ್ಬಿದೆ! ಎಲೆಯಡಿಕೆ ಇನ್ನೂ ಎಡಗಡೆಯೇ ಇದೆ. ಎಂದರೆ ಮಾತು ಮುಗಿದಿಲ್ಲ. ದೊಡ್ಡವ್ವ ನಿಲ್ಲಿಸಿದ ಕಡೆಯೇ ಅವರು ಕತ್ತರಿ ಹಾಕಿದ್ದಾರೆ. ಹೆಂಡತಿಯನ್ನು ಕರೆದು ದವಡೆ ತೋರಿಸಿದೆ. ಅವಳು ದವಡೆ ನೋಡಿದಳು, ನನ್ನನ್ನು ನೋಡಿದಳು, ಊರಿಗೆ ಹೋಗಿ ಬನ್ನಿ ಎಂದಳು.

ನಾನು ಹೋದದ್ದು ಒಂದು ಗುರುವಾರ. ಎರಡು ದಿನದ ಹಿಂದೆ, ಮಂಗಳವಾರ, ಮಾದೇಶ ಬಂದಿರಲಿಲ್ಲ. ದೊಡ್ಡವ್ವ ಸ್ನಾನ ಮಾಡಿ, ಹಣ್ಣುಕಾಯಿಯ ಚೀಲ ತೊಡೆಯ ಮೇಲಿಟ್ಟುಕೊಂಡು ಬಿಸಿಲು ಜಗಲಿಗೆ ಏರುವ ತನಕ ಕೂತಿದ್ದರಂತೆ. ಪಕ್ಕದ ಬಾಗಿಲಿನಿಂದ ಅವನು ಸ್ಕೂಟರು ತೆಗೆದುಕೊಂಡು ಎದುರಿಗೇ ಹೋದನಂತೆ, ತಿರುಗಿ ನೋಡಲಿಲ್ಲವಂತೆ. ಈ ಮೂರು ಅಂತೆಗಳೂ ಸೊಸೆಯವು, ನನ್ನವಲ್ಲ. ಅವಳು ಹೇಳುತ್ತಿದ್ದಾಗ ದೊಡ್ಡವ್ವ ಸುಮ್ಮನೆ ಬೆಟ್ಟ ನೋಡುತ್ತಿದ್ದರು.

ಅಂತೆ ಅಂದೆಯೋ ಇಲ್ಲವೋ ಎಂದು ನಾನು ಕೇಳಿದೆ.

“ಅನ್ದೆ ಇರ್ತೀನಾ?” ಎಂದರು. “ಊರಲ್ಲಿ ಜನ ಏನ್ ಮಾತಾಡ್ಕತಾವ್ರೆ ಅಂತ ಕೇಳುದ್ರು. ಜನ ಆಡೋದ್ನ ಹೇಳ್ದೆ. ನಾನು ಎಲೆ ಮಗ್ಗುಲು ಮಾಡೋ ಹೊತ್ತಿಗೆ ಆ ಕೋಲು ಎತ್ಕೊಂಡು ಹೊಂಟೋಗಿದ್ರು. ಅಂತೆ ಅಂದಿದ್ದು ಎಮ್ಮೆಗೆ ಕೇಳಿಸ್ತು.”

ನಗು ಬಂತು, ಅವರ ಮುಖ ನೋಡಿ ನಿಂತಿತು. ಆ ಮುಖದಲ್ಲಿ ಅಂಥ ಕಳವಳವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಒಬ್ಬರ ಮನೆ ಮುರಿಯಬಾರದೆಂದು ಜೀವಮಾನವೆಲ್ಲ ಪ್ರತಿ ಮಾತಿಗೂ ಒಂದು ಅಂತೆ ಇಟ್ಟು ಕಾಪಾಡಿಕೊಂಡು ಬಂದವರು. ಅವರ ಬಾಯಿಂದಲೇ, ಅವರು ಎತ್ತಿ ಆಡಿಸಿದವನ ಮೇಲೆ, ಅಂತೆಯಿಲ್ಲದ ಮಾತು ಹೊರಟು ಊರೂರು ಸುತ್ತುತ್ತಿತ್ತು. ಯಾರೋ ಕುಳಿತಲ್ಲೇ ಬೆರಳಾಡಿಸಿ ಇದನ್ನು ಮಾಡಿದರಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು.

ಮಾದೇಶನನ್ನು ಮನೆಯಿಂದ ಎಬ್ಬಿಸಿಕೊಂಡು ಬಂದೆ. ಅವನು ಜಗಲಿಯ ತನ್ನ ಕಡೆಯ ಅಂಚಿನಲ್ಲೇ ಕೂತ. ವೀಡಿಯೊ ಹಾಕಿ ಉಬ್ಬಿದ ದವಡೆ ತೋರಿಸಿದೆ. ಅವನು ನೋಡಿದ, ಅವನಿಗೆ ಗೊತ್ತಾಯಿತು. ಗೊತ್ತಾಗದೆ ಏನು, ನನಗಿಂತ ಹೆಚ್ಚು ವರ್ಷ ಆ ಅಂತೆಗೆ ಕಾದವನು ಅವನು. ಆದರೆ ಕನಕಪುರದವನಿಗೆ, ಮರಳವಾಡಿಯವನಿಗೆ ದೊಡ್ಡವ್ವನ ದವಡೆ ಅರ್ಥವಾಗುತ್ತದೆಯೇ ಎಂದು ಕೇಳಿದ. ಟಿಕೆಟ್ಟು ಕೊಡುವವರಂತೂ ದವಡೆ ನೋಡುವುದಿಲ್ಲ ಎಂದ. ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಟಿಕೆಟ್ಟು ಎಲ್ಲಿಂದ ಬಂತು ಎಂದು ನಾನು ಕೇಳಹೋಗಿ ಸುಮ್ಮನಾದೆ. ನಮ್ಮ ಕಡೆ ಅದು ಹಾಗೆಯೇ, ಇಲ್ಲದ ಟಿಕೆಟ್ಟಿಗೂ ಸಾಲು ನಿಲ್ಲುತ್ತೇವೆ.

ಅವನಿಗೆ ಬೇಕಾಗಿದ್ದದ್ದು ಇನ್ನೊಂದು ವೀಡಿಯೊ. ಮಾದೇಶ ಕೆರೆ ಮಣ್ಣು ಮಾರಿಲ್ಲ ಎಂದು ದೊಡ್ಡವ್ವನೇ ಹೇಳಬೇಕು, ಅದನ್ನು ಅವನು ಎಲ್ಲರಿಗೂ ಕಳಿಸಬೇಕು. ಕೇಳುವಾಗ ಅವನು ಅವರ ಮುಖ ನೋಡಲಿಲ್ಲ, ಎಮ್ಮೆ ನೋಡುತ್ತಿದ್ದ. ಮಾರಿದನೋ ಇಲ್ಲವೋ ಎಂದು ದೊಡ್ಡವ್ವ ಕೇಳಲಿಲ್ಲ. ಕೇಳಬೇಕಿತ್ತು ಎಂದು ನನ್ನ ಅನುಮಾನದ ಬುದ್ಧಿ ಒಳಗೇ ಕುಟುಕಿತು.

“ತಡಿ” ಎಂದು ದೊಡ್ಡವ್ವ ಎದ್ದು ಬಚ್ಚಲ ಕಡೆ ಹೋದರು. ಎಲೆಯಡಿಕೆ ಉಗುಳಿ, ನೀರು ಮುಕ್ಕಳಿಸಿ, ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಬಂದು ನೆಟ್ಟಗೆ ಕೂತರು. ಫೋನಿನಲ್ಲಿ ಚೆನ್ನಾಗಿ ಕಾಣಲೆಂದು ಹಾಗೆ ಮಾಡಿದರು ಎಂದುಕೊಂಡೆ ನಾನು. ಮಾದೇಶ ಏನಂದುಕೊಂಡನೋ, ಅವನ ಗಮನವೆಲ್ಲ ಫೋನಿನ ಕೆಂಪು ಚುಕ್ಕೆಯ ಮೇಲಿತ್ತು. ಹೂಂ ಎಂದ.

“ಮಾದೇಶ ಕೆರೆ ಮಣ್ಣ ಮಾರಿಲ್ಲ” ಎಂದರು ದೊಡ್ಡವ್ವ. ಎಂದು ನಿಲ್ಲಿಸಿ ಉಸಿರು ತೆಗೆದುಕೊಂಡರು.

ನಿಜ ಹೇಳುತ್ತೇನೆ, ಆಗ ನಾನೂ ಅಂತೆ ಬರುತ್ತದೆಂದು ಕಾಯುತ್ತಿದ್ದೆ. ಆದರೆ ಮಾದೇಶ ಕಾಯಲಿಲ್ಲ. ಅವನ ಹೆಬ್ಬೆರಳು ಚುಕ್ಕೆಯನ್ನು ಒತ್ತಿಬಿಟ್ಟಿತು. “ಸಾಕು ದೊಡ್ಡವ್ವ” ಎಂದ.

“ಯಾಕ್ಲಾ ಆರಿಸ್ಬುಟ್ಟೆ?”

ಆಯಿತಲ್ಲ ಎಂದು ಅವನು ಫೋನು ಜೇಬಿಗೆ ಇಟ್ಟುಕೊಳ್ಳುತ್ತಿದ್ದ.

“ಇನ್ನೊಂದ್ ಮಾತಿತ್ತು. ಅವ್ನಿಗೆ ನಾನೇ ಜಾಮೀನು ಅನ್ಬೇಕು ಅಂತಿದ್ದೆ” ಎಂದರು ದೊಡ್ಡವ್ವ. ಆಮೇಲೆ ಅವನ ಕಡೆ ಬಾಯಿ ತೆರೆದು ತೋರಿಸಿದರು, ಔಷಧಿ ನುಂಗಿದೆನೆಂದು ಮಕ್ಕಳು ತೋರಿಸುವ ಹಾಗೆ. “ನೋಡ್ಲಾ, ಬಾಯಲ್ಲಿ ಎಲೆ ಎಲ್ಲೈತೆ? ಅಂತೆ ಅನ್ಬಾರ್ದು ಅಂತ್ಲೇ ಉಗುಳ್ಬುಟ್ಟು ಬಂದೆ. ಆ ಮೈಕ್ನೋರ್ಗೆ ಗೊತ್ತಿರ್ನಿಲ್ಲ, ಹೋದ್ರು. ನೀನು ಈ ಜಗಲಿ ಮ್ಯಾಲೆ ಬೆಳ್ದೋನು. ನೀನೂ ಕಾಯ್ನಿಲ್ವಲ್ಲಾ ಮಗ.”

ಮಾದೇಶನ ಮುಖ ನೋಡಲು ನನಗೆ ಆಗಲಿಲ್ಲ. ಅವನು ಫೋನು ಮತ್ತೆ ಹೊರಗೆ ತೆಗೆದ. ಇನ್ನೊಂದು ಸಲ ಮಾಡೋಣ ಎಂದ, ಮೆಲ್ಲಗೆ. ದೊಡ್ಡವ್ವ ಸೊಸೆಯನ್ನು ಕೂಗಿ ಎಲೆಯಡಿಕೆ ಚೀಲ ತರಿಸಿದರು. ಎಲೆಯ ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಸಿ, ಯಾವ ಅವಸರವೂ ಇಲ್ಲದೆ ಬಾಯಿಗೆ ಹಾಕಿಕೊಂಡರು. ಎಡದವಡೆ ಉಬ್ಬಿತು. ಇನ್ನು ಏನು ಹೇಳಿದರೂ ಅದರ ಹಿಂದೆ ಅಂತೆ ಬರುತ್ತದೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಮಾದೇಶ ಎದ್ದು ಹೋದ.

ಅವನು ಮಣ್ಣು ಮಾರಿದ್ದನೇ? ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಮಾರದಿದ್ದವನು ಅಷ್ಟು ಬೇಗ ಗುಂಡಿ ಒತ್ತುತ್ತಿದ್ದನೇ ಎಂದು ಒಂದು ಮನಸ್ಸು. ಒಮ್ಮೆ ಕತ್ತರಿಗೆ ಸಿಕ್ಕಿ ನೊಂದವನು ಹೆದರಿ ಒತ್ತಿರಬಹುದು ಎಂದು ಇನ್ನೊಂದು ಮನಸ್ಸು. ಹೆಬ್ಬೆರಳಿನಿಂದ ಮನುಷ್ಯನ ತಪ್ಪೊಪ್ಪು ತೀರ್ಮಾನ ಮಾಡುವ ನಾನು, ಬೆಂಕಿ ಹಚ್ಚಿದ ಆ ಚಾನೆಲ್ಲಿನವರಿಗಿಂತ ಯಾವ ಲೆಕ್ಕದಲ್ಲಿ ಮೇಲು ಎಂದೂ ಅನ್ನಿಸಿತು. ನಾನು ಇಳಿಯುವ ರಾಮನಗರ ಬಂದರೂ ತೀರ್ಮಾನವಾಗಲಿಲ್ಲ. ಇಂದಿಗೂ ಆಗಿಲ್ಲ.

ಮುಂದಿನ ಮಂಗಳವಾರ ಮಾದೇಶ ಸ್ಕೂಟರು ತಂದು ನಿಲ್ಲಿಸಿದನಂತೆ. ದೊಡ್ಡವ್ವ ಚೀಲ ಹಿಡಿದು ಹತ್ತಿ ಕೂತರಂತೆ. ಹೋಗುವಾಗ ಮಾತಿಲ್ಲ, ಬರುವಾಗಲೂ ಮಾತಿಲ್ಲ. ಈಗಲೂ ಹಾಗೆಯೇ ನಡೆಯುತ್ತಿದೆ ಎಂದು ಸೊಸೆ ಫೋನಿನಲ್ಲಿ ಹೇಳುತ್ತಾಳೆ. ಮೊದಲು ದೊಡ್ಡವ್ವ ಅವನ ಹೆಗಲು ಹಿಡಿದು ಕೂರುತ್ತಿದ್ದರು, ಈಗ ಸೀಟಿನ ಹಿಂದಿನ ಕಂಬಿ ಹಿಡಿಯುತ್ತಾರೆ ಎನ್ನುತ್ತಾಳೆ. ಇದನ್ನು ಕೇಳಿದ ದಿನ ನಾನು ವಾರ್ತೆ ಹಾಕಲಿಲ್ಲ.

ಆ ಎರಡನೆಯ ವೀಡಿಯೊ ಊರಾಚೆ ಚೆನ್ನಾಗಿಯೇ ಕೆಲಸ ಮಾಡಿತು. ಅಜ್ಜಿಯೇ ಹೇಳಿದ ಮೇಲೆ ಇನ್ನೇನು ಎಂದು ಹೊರಗಿನವರು ಒಪ್ಪಿಕೊಂಡರು. ಎಡವಟ್ಟಾದದ್ದು ಊರಿನೊಳಗೆ. ಮೊನ್ನೆ ಹೋಗಿದ್ದಾಗ ಬಸ್ಸು ಇಳಿದ ಕಡೆ ಟೀ ಅಂಗಡಿಯಲ್ಲಿ ಕೂತಿದ್ದೆ. ನಮ್ಮ ಊರಿನ ಕರಿಗೌಡ, ನನ್ನ ಜೊತೆ ಓದಿದವನು, ಫೋನಿನಲ್ಲಿ ಅದೇ ವೀಡಿಯೊ ಹಾಕಿ ಬೆಂಚಿನಲ್ಲಿದ್ದವರಿಗೆ ತೋರಿಸುತ್ತಿದ್ದ. “ಮಾದೇಶ ಕೆರೆ ಮಣ್ಣ ಮಾರಿಲ್ಲ” ಎಂದರು ದೊಡ್ಡವ್ವ. ವೀಡಿಯೊ ನಿಂತಿತು. ಯಾರೂ ಓಹೋ ಎನ್ನಲಿಲ್ಲ. ಎಲ್ಲರೂ ಗದ್ದಕ್ಕೆ ಕೈ ಹಚ್ಚಿಕೊಂಡು ಕಾದರು. ದೊಡ್ಡವ್ವ ಎಲೆ ಮಗ್ಗುಲು ಮಾಡಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸರಿಯಾಗಿ ಕಾದು, ಅಂಗಡಿಯವನೂ ಸೇರಿ ಬೆಂಚಿಗೆ ಬೆಂಚೇ “ಅಂತೆ” ಎಂದು ನಕ್ಕಿತು.

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಎಲ್ಲ ಹೇಳಿದೆ. ನಾನು ಅಲ್ಲೇ ಇದ್ದೆ, ದೊಡ್ಡವ್ವ ಎಲೆಯಡಿಕೆ ಉಗುಳಿ ಬಾಯಿ ಮುಕ್ಕಳಿಸಿಕೊಂಡು ಬಂದು ಕೂತಿದ್ದರು, ಅದರ ಹಿಂದೆ ಅಂತೆ ಇರಲಿಲ್ಲ, ಜಾಮೀನು ಇತ್ತು, ಇದನ್ನು ನಾನು ಕಣ್ಣಾರೆ ನೋಡಿದ್ದೇನೆ ಎಂದೆ. ಬಸ್ಸು ಕೂಗುತ್ತಿದ್ದ ಕಾಲದ ಗಂಟಲಿನಲ್ಲೇ ಹೇಳಿದೆ. ಕರಿಗೌಡ ನನ್ನ ಮಾತು ಮುಗಿಯುವ ತನಕ ಮರ್ಯಾದೆಯಿಂದ ಕೇಳಿ ತಲೆಯಾಡಿಸಿದ. ಆಮೇಲೆ ಆಗ ತಾನೇ ಬಸ್ಸಿಳಿದು ಬಂದು ಪಕ್ಕದಲ್ಲಿ ಕೂತವನ ಕಡೆ ತಿರುಗಿ ವೀಡಿಯೊ ತೋರಿಸುತ್ತಾ ಹೇಳಿದ:

“ಅವತ್ತು ದೊಡ್ಡವ್ವನ ಬಾಯಲ್ಲಿ ಎಲೆ ಇರ್ನಿಲ್ವಂತೆ.”